ಕೆರೆ ಏರಿಯ ಚಳಿ, ಪೇಪರಿನ ಚಳಿ

ಕಳೆದ ತಿಂಗಳು ದೇವನಹಳ್ಳಿಯ ಆಚೆ ಮನೆ ಕಟ್ಟುತ್ತಿದ್ದ ಒಂದು ಜಾಗಕ್ಕೆ ಹೋಗಿದ್ದೆ. ಆ ಸೈಟು ಕೊಡಿಸಿದವನು ನಾನೇ. ಕೊಡಿಸಿ ಕೈ ತೊಳೆದುಕೊಳ್ಳುವ ಜಾತಿ ನನ್ನದಲ್ಲ. ಪಾಯ ಎಷ್ಟು ಆಳ, ಬಾಗಿಲು ಯಾವ ಕಡೆ, ಇಟ್ಟಿಗೆ ಎಲ್ಲಿಂದ ತರಬೇಕು ಎಂದು ನಾಲ್ಕು ಮಾತು ಹೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಸಿಮೆಂಟ್ ಮೂಟೆಗಳ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಎಂಜಿನಿಯರ್ ಹುಡುಗಿ ನನ್ನನ್ನು ಕರೆದು, ಇನ್ನೂ ಕಟ್ಟದ ಮನೆಯನ್ನು ಪರದೆಯ ಮೇಲೆ ತೋರಿಸಿದಳು. ಆ ಮನೆಯಲ್ಲಿ ಆಗಲೇ ಒಂದು ವರ್ಷ ಕಳೆದುಹೋಗಿತ್ತು. ಬೇಸಿಗೆ ಬಂದು ಹೋಗಿತ್ತು, ಮಳೆ ಹೊಯ್ದು ನಿಂತಿತ್ತು, ಯಾವ ತಿಂಗಳು ಎಷ್ಟು ಕರೆಂಟು ಸುಡುತ್ತದೆ ಎಂದು ಪರದೆ ಗೆರೆ ಎಳೆದು ತೋರಿಸುತ್ತಿತ್ತು.

"ಹವಾಮಾನದ ಅಂಕಿ ಹಾಕ್ತೀವಿ ಸಾರ್. ಏಸಿ ಥರ್ಮೋಸ್ಟಾಟ್ ಎಷ್ಟಕ್ಕೆ ಇಟ್ಕೋತಾರೆ ಅಂತ ಹಾಕ್ತೀವಿ. ಮಿಕ್ಕಿದ್ದು ಅದೇ ಹೇಳತ್ತೆ" ಎಂದಳು. ಇಪ್ಪತ್ತೈದು ಇದ್ದುದನ್ನು ಇಪ್ಪತ್ತಮೂರು ಮಾಡಿದಳು. ಗೆರೆಗಳು ಜಗ್ಗನೆ ಮೇಲೆದ್ದವು.

"ಯಾವೂರಿನ ಹವಾಮಾನಮ್ಮ ಇದು?"

"ಬೆಂಗಳೂರಿಂದು ಸಾರ್."

"ಈ ಜಾಗ ಬೆಂಗಳೂರಲ್ಲ. ಕೆರೆ ಕೆಳಗಿನ ತಗ್ಗು. ಮೋಡ ಇದ್ದಾಗ ಎರಡೂ ಒಂದೇ ತರ ಕಾಣ್ತದೆ, ಮೋಡ ಹರೀತು ಅಂದ್ರೆ ಇಲ್ಲಿ ನಾಲ್ಕೈದು ಡಿಗ್ರಿ ಇಳಿದುಬಿಡ್ತದೆ. ಇಲ್ಲೇ ಒಂದು ಥರ್ಮಾಮೀಟರ್ ನೇತುಹಾಕಿ, ಬೆಳಗ್ಗೆ ಯಾರಾದ್ರೂ ನಿಜವಾಗಿ ಬಂದು ನೋಡ್ಲಿ."

ಆ ಹುಡುಗಿ ಕಣ್ಣರಳಿಸಿ, "ಎಂಥ ಅನುಭವ ಸಾರ್ ನಿಮ್ದು!" ಎಂದಳು. ನಾನು ಮೀಸೆಯ ಮೇಲೆ ಕೈಯಾಡಿಸಿದೆ. ಅಷ್ಟರಲ್ಲಿ ಆ ಕಡೆ ಗಾರೆ ಕೆಲಸದವನೊಬ್ಬ, ಹಿಂದಿನ ದಿನ ನೀರಿನ ತೊಟ್ಟಿಗೆ ಮೆತ್ತಿದ ಗಾರೆ ಚಕ್ಕೆಯೆದ್ದಿದ್ದು ಕಂಡು, ಜೊತೆಯವನಿಗೆ ನಗುತ್ತ ಹೇಳಿದ:

"ಗಂಗಕ್ಕನ ಕೈ ಬಿದ್ದೈತೆ ಕಣ್ಲಾ ಇದ್ಕೆ!"

ನನ್ನ ಕೈ ಮೀಸೆಯಿಂದ ಕೆಳಗಿಳಿಯಿತು. ನಮ್ಮೂರ ಕಡೆ, ಆವತಿ ಸುತ್ತಮುತ್ತ, ಹಾಲು ಒಡೆದರೆ, ಹಿಟ್ಟು ಹುಳಿತುಹೋದರೆ, ಪಂಪು ಕೆಟ್ಟರೆ ಈ ಮಾತನ್ನು ಈಗಲೂ ಆಡುತ್ತಾರೆ. ಆ ಮಾತು ಹುಟ್ಟಿದ ದಿನ ನಾನು ಅಲ್ಲಿದ್ದೆ. ಹುಟ್ಟಿಸಿದವನೂ ನಾನೇ.

ಎಪ್ಪತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ಆವತಿ ಬೆಟ್ಟದ ಮಗ್ಗುಲಿನ ನಮ್ಮ ಹಳ್ಳಿಗೆ ಕರೆಂಟು ಬಂದು ಬಹಳ ದಿನವಾಗಿರಲಿಲ್ಲ. ಊರಿನ ಹತ್ತು ಮನೆಗಳಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ನನಗೆ ಆಗ ಇಪ್ಪತ್ತಾರು. ಅಪ್ಪನಿಂದ ಬಂದದ್ದು ಒಂದು ಹಳೆ ಸೈಕಲ್ಲು ಮಾತ್ರ. ಅದರ ಮೇಲೆ ಹಿಪ್ಪುನೇರಳೆ ಸೊಪ್ಪು ಹೇರಿಕೊಂಡು, ಒಂದೂರಿನಲ್ಲಿ ಕೊಂಡು ಇನ್ನೊಂದೂರಿನಲ್ಲಿ ಮಾರುತ್ತಿದ್ದೆ. ಹೇಳಿದ ಬೆಲೆಗೆ ಒಂದು ಬೆಂಕಿಪೊಟ್ಟಣವನ್ನೂ ಕೊಂಡವನಲ್ಲ ನಾನು.

ಗಂಗಕ್ಕ ನಮ್ಮ ಬೀದಿಯವಳು, ನನಗಿಂತ ಹದಿನೈದು ವರ್ಷ ದೊಡ್ಡವಳು. ಹುಳು ಸಾಕುವುದರಲ್ಲಿ ಅವಳ ಕೈಗುಣ ಸುತ್ತಿನ ಏಳೂರಿಗೆ ಗೊತ್ತಿತ್ತು. ಯಾರ ಮನೆಯಲ್ಲಿ ಮೊಟ್ಟೆಯೊಡೆದು ಹುಳು ಬಂದರೂ, ಸಾಸಿವೆಯಂಥ ಆ ಮರಿಗಳ ಮೇಲೆ ಮೊದಲ ಸೊಪ್ಪು ಉದುರಿಸಲು ಗಂಗಕ್ಕನನ್ನೇ ಕರೆಯುತ್ತಿದ್ದರು. ಅವಳು ಕಾಲು ತೊಳೆದು ಒಳಗೆ ಬಂದು, ಎಲೆಯನ್ನು ನೂಲಿನಂತೆ ಸಣ್ಣಗೆ ಹೆಚ್ಚಿ, ಎರಡು ಬೆರಳಿನಲ್ಲಿ ಚೆಲ್ಲುತ್ತಿದ್ದಳು. ಮಣಿಕಟ್ಟನ್ನು ತಟ್ಟೆಯ ಮೇಲೆ ಒಂದು ಗಳಿಗೆ ಹಿಡಿದು, "ಬೆಚ್ಚಗಾಯ್ತು, ಸಾಕು" ಎಂದೋ, "ಇನ್ನೊಂಚೂರು ಕೆಂಡ ಹಾಕಿ" ಎಂದೋ ಹೇಳುತ್ತಿದ್ದಳು. ಗಂಡನಿಗಾಗಲಿ ಅತ್ತೆಗಾಗಲಿ ಅವಳು ತಲೆಬಾಗಿಯೇ ಇದ್ದಳು. ಆದರೆ ಹುಳುಮನೆಯ ಹೊಸ್ತಿಲೊಳಗೆ ಅವಳ ಮಾತಿಗೆ ಎದುರಿರಲಿಲ್ಲ. ಅವಳಿಗಿದ್ದ ಆಸ್ತಿಯೆಂದರೆ ಅದು.

ಆ ವರ್ಷ ಹೊಸ ತಳಿ ಬಂತು. ಹಳದಿ ಗೂಡಿನ ನಮ್ಮ ಹಳೆಯ ಹುಳು ಗಟ್ಟಿ ಜೀವ, ಹೇಗಿಟ್ಟರೂ ಬದುಕುತ್ತಿತ್ತು. ಹೊಸದರ ಗೂಡು ಬಿಳಿ, ತೂಕ ಜಾಸ್ತಿ, ಜೀವ ಮಾತ್ರ ನಾಜೂಕು. ಅದನ್ನು ಪರಿಚಯಿಸಲು ಬಂದ ಸರ್ಕಾರಿ ತರುಣ ಶಿವಲಿಂಗಯ್ಯನವರು. ನೆಲಮಂಗಲದ ಕಡೆಯವರು, ದೇವನಹಳ್ಳಿಯಲ್ಲಿ ರೂಮು ಮಾಡಿಕೊಂಡು ವಾರಕ್ಕೆ ಎರಡು ಮಧ್ಯಾಹ್ನ ನಮ್ಮೂರಿಗೆ ಬರುತ್ತಿದ್ದರು. ಊರಿನವರ ಬಾಯಲ್ಲಿ ಅವರು ರೇಷ್ಮೆ ಮೇಷ್ಟ್ರು. ಹೊಸ ತಳಿ ಎಂದ ಕೂಡಲೇ ಊರು ಹಿಂಜರಿಯಿತು. ಗಂಗಕ್ಕ ಮಾತ್ರ ಬಿಳಿ ಗೂಡೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, "ನಾನು ತಕ್ಕಂತೀನಿ" ಎಂದಳು. ಅವಳು ತಗೊಂಡಳೆಂದು ಹತ್ತು ಮನೆಯವರೂ ತಗೊಂಡರು.

ಮೊಟ್ಟೆಯೊಡೆದ ಮೇಲಿನ ಮೊದಲ ಹತ್ತು ದಿನ ಮರಿಹುಳುಗಳಿಗೆ ಚಾಕಿ ಎನ್ನುತ್ತಾರೆ. ಚಾಕಿಯಲ್ಲಿ ಕೆಟ್ಟರೆ ಮುಂದೆ ಎಷ್ಟು ಸೊಪ್ಪು ಹಾಕಿದರೂ ದಂಡ. ಅದಕ್ಕೇ ಹತ್ತು ಮನೆಯ ಮೊಟ್ಟೆಯನ್ನೂ ಕೆರೆ ಏರಿಯ ಕೆಳಗಿದ್ದ ಒಂದು ಹೆಂಚಿನ ಮನೆಯಲ್ಲಿ ಒಟ್ಟಿಗಿಟ್ಟು, ಗಂಗಕ್ಕನ ಕೈಗೆ ಒಪ್ಪಿಸಿ, ಹತ್ತು ದಿನದ ಮೇಲೆ ಹಂಚಿಕೊಳ್ಳುವುದೆಂದು ಮಾತಾಯಿತು. ಮಾರ್ಗಶಿರದ ಚಳಿಗೆ ಆ ಕೋಣೆಯನ್ನು ಬೆಚ್ಚಗಿಡಲು ಮೇಷ್ಟ್ರು ಎರಡು ಕರೆಂಟಿನ ಹೀಟರ್ ತಂದರು. ಒಂದೊಂದರಲ್ಲೂ ತಿರುಗಿಸುವ ಒಂದು ದುಂಡನೆಯ ಬಿರಡೆ. ಅದೇ ಥರ್ಮೋಸ್ಟಾಟ್. ಎಷ್ಟಕ್ಕೆ ತಿರುಗಿಸಿಡುತ್ತೇವೋ ಅಷ್ಟು ಶಾಖ ಬಂದ ಕೂಡಲೇ ಟಕ್ ಎಂದು ತಾನೇ ಆರುತ್ತಿತ್ತು; ತಣ್ಣಗಾದರೆ ಮತ್ತೆ ಟಕ್ ಎಂದು ಹತ್ತಿಕೊಳ್ಳುತ್ತಿತ್ತು. ಊರಿನವರೆಲ್ಲ ಆ ಟಕ್ ಕೇಳಲೆಂದೇ ಬಂದು ಕಿಟಕಿಗೆ ಕಿವಿಗೊಟ್ಟು ಹೋದರು.

"ಎಷ್ಟಕ್ಕಿಡ್ತೀರ ಮೇಷ್ಟ್ರೇ?" ಎಂದೆ.

"ಇಪ್ಪತ್ತೇಳು."

"ಅಷ್ಟ್ಯಾಕೆ? ಇಪ್ಪತ್ತೈದಕ್ಕೆ ಮುಗಿಸಿ. ಕರೆಂಟು ಉಳೀತದೆ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಂಜಪ್ಪ, ಇದು ಪಕ್ಕದ ವಿಜಯಪುರದ ಸಂತೆ ಅಲ್ಲ ಕಣ್ರೀ. ಹುಳ ಚೌಕಾಸಿ ಮಾಡಲ್ಲ!"

ಗಂಗಕ್ಕನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಇವನು ಯಮ ಬಂದ್ರೂ ಒಂದೆರಡು ದಿನ ಬಿಟ್ಟು ಹಾಕ್ಕೊಳ್ಳಿ ಅಂತಾನೆ ಸ್ವಾಮಿ."

ಆಮೇಲೆ ಮೇಷ್ಟ್ರು ಜಗುಲಿಯ ಮೇಲೆ ಚೌಕುಳಿ ಕಾಗದ ಹರಡಿದರು. ಗೋಡೆ ಎಷ್ಟು ದಪ್ಪ, ಹೆಂಚಿನ ಸಂದು ಎಷ್ಟು, ಬಾಗಿಲು ದಿನಕ್ಕೆ ಎಷ್ಟು ಸಲ ತೆಗೆಯುತ್ತಾರೆ, ಎಲ್ಲವನ್ನೂ ಕೇಳಿ ಬರೆದರು. ಹೊರಗೆ ಇಷ್ಟು ಚಳಿ, ಒಳಗೆ ಇಷ್ಟು ಬೇಕು, ಹಾಗಾದರೆ ಹೀಟರ್ ಇಷ್ಟು ಹೊತ್ತು ಉರಿಯಬೇಕು ಎಂದು ಒಂದೊಂದು ದಿನಕ್ಕೆ ಕಾಗದದ ಒಂದೊಂದು ಮನೆ ತುಂಬುವ ಲೆಕ್ಕ ಅದು. ಬಿರಡೆ ಒಂದು ಡಿಗ್ರಿ ಮೇಲೇರಿದರೆ, ಇಲ್ಲವೇ ಹೊರಗಿನ ಚಳಿ ಒಂದು ಡಿಗ್ರಿ ಕೆಳಗಿಳಿದರೆ ಲೆಕ್ಕ ಹೇಗೆ ಹಿಗ್ಗುತ್ತದೆ ಎಂದು ನನಗೆ ಮಾಡಿ ತೋರಿಸಿದರು.

"ಹತ್ತು ದಿನದ ಚಾಕಿನ ಮೊದ್ಲು ಕಾಗದದ ಮೇಲೆ ಮಾಡ್ಬಿಡೋಣ. ಸಾಯೋ ಹುಳ ಇದ್ರೆ ಕಾಗದದ ಮೇಲೇ ಸಾಯ್ಲಿ" ಎಂದರು. "ಆದ್ರೆ ಒಂದೇ ತೊಂದ್ರೆ. ನನ್ನ ಹತ್ರ ಇರೋದು ಬೆಂಗಳೂರಿನ ಚಳಿ. ನಿಮ್ಮ ಕೆರೆ ಏರಿ ಕೆಳಗಿನ ಚಳಿ ಯಾರಿಗೂ ಗೊತ್ತಿಲ್ಲ. ದಿನಾ ಸೂರ್ಯ ಹುಟ್ಟೋಕೆ ಮುಂಚೆ ಹೋಗಿ ನೋಡಿ ಬರ್ಕೋಬೇಕು. ಹತ್ತು ದಿನ."

"ನಾನು ನೋಡ್ತೀನಿ" ಎಂದೆ. ಪುಕ್ಕಟೆಗಲ್ಲ, ಹುಳುಮನೆಗೆ ಬೇಕಾದ ಸೊಪ್ಪನ್ನೆಲ್ಲ ನನ್ನಿಂದಲೇ ಕೊಳ್ಳಬೇಕೆಂದು ಆಗಲೇ ಮಾತು ಗಟ್ಟಿ ಮಾಡಿಕೊಂಡೆ. ಮೇಷ್ಟ್ರು ಏರಿಯ ಕೆಳಗಿನ ಹೊಂಗೆಮರಕ್ಕೆ ಥರ್ಮಾಮೀಟರ್ ಕಟ್ಟಿ, ನನ್ನ ಕೈಗೊಂದು ಸಣ್ಣ ನೋಟ್‌ಬುಕ್ ಕೊಟ್ಟರು.

ಮೊದಲ ಮೂರು ದಿನ ನೆಟ್ಟಗೆ ಹೋದೆ. ಕಂಬಳಿ ಹೊದ್ದು, ಬ್ಯಾಟರಿ ಹಿಡಿದು, ಕೆರೆಯ ಮೇಲಿನ ಮಂಜು ನೋಡುತ್ತ ಹೋಗಿ ಬರೆದುಕೊಂಡು ಬಂದೆ. ಆ ಮೂರು ದಿನವೂ ಮೋಡ ಕವಿದು ತುಂತುರು ಹನಿ ಇತ್ತು. ಹದಿನೈದು, ಹದಿನಾರು, ಹದಿನೈದು. ಹತ್ತು ಗಂಟೆಯ ಬಸ್ಸಿನಲ್ಲಿ ಬೆಂಗಳೂರಿನ ಪೇಪರ್ ಬಂದಾಗ ಹೋಟೆಲಿನಲ್ಲಿ ಚಹಾ ಕುಡಿಯುತ್ತ ನೋಡಿದರೆ, ಅದರ ಮೂಲೆಯಲ್ಲಿ ಛಾಪಿಸಿದ್ದ ಬೆಂಗಳೂರಿನ ಚಳಿಯೂ ಹೆಚ್ಚುಕಡಿಮೆ ಅದೇ. ಒಂದು ದಿನ ಒಂದು ಡಿಗ್ರಿ ಆಚೀಚೆ, ಅಷ್ಟೇ.

ಜಾಣ ಅನ್ನಿಸಿಕೊಂಡವನ ತಲೆ ಎಲ್ಲಿ ಕೆಡುತ್ತದೆ ನೋಡಿ. ಪೇಪರಿನಲ್ಲಿ ಪುಕ್ಕಟೆ ಸಿಗುವ ಅಂಕಿಗೆ ನಾನ್ಯಾಕೆ ನಸುಕಿನಲ್ಲಿ ಗಡಗಡ ನಡುಗಲಿ ಎಂದುಕೊಂಡೆ. ನಾಲ್ಕನೇ ದಿನದಿಂದ ಬಿಸಿಲೇರಿದ ಮೇಲೆ ಎದ್ದು, ಚಹಾ ಕುಡಿಯುತ್ತ, ಪೇಪರ್ ನೋಡಿ ನೋಟ್‌ಬುಕ್ಕಿಗೆ ಇಳಿಸತೊಡಗಿದೆ. ಆ ನಾಲ್ಕನೇ ದಿನವೇ ಮೋಡ ಹರಿದು ಆಕಾಶ ಗಾಜಿನಂತಾಗಿತ್ತು. ನಕ್ಷತ್ರ ನಿಚ್ಚಳವಾಗಿ ಕಂಡ ದಿನ ತಗ್ಗಿನ ಜಾಗಕ್ಕೆ ಚಳಿ ನೀರಿನಂತೆ ಹರಿದು ಬಂದು ನಿಲ್ಲುತ್ತದೆ. ಇದನ್ನು ಈಗ ಯಾರಿಗೆ ಬೇಕಾದರೂ ಹೇಳುತ್ತೇನೆ. ಆಗ ಹೊದ್ದು ಮಲಗಿದ್ದೆ. ನಡುವೆ ಮೂರು ದಿನ ಬಸ್ಸು ಕೆಟ್ಟು ಪೇಪರೂ ಬರಲಿಲ್ಲ. ಹದಿನೈದು, ಹದಿನೈದು, ಹದಿನೈದು ಎಂದು ಬರೆದೆ.

ಹತ್ತು ದಿನ ಮುಗಿದ ಮೇಲೆ ಮೇಷ್ಟ್ರು ಬಂದು ನೋಟ್‌ಬುಕ್ ನೋಡಿದರು, ಕಾಗದದ ಮನೆಗಳನ್ನು ತುಂಬಿದರು, ಮುಖ ಅರಳಿತು. "ಒಂದು ಹೀಟರ್ ಸಾಕು! ಇನ್ನೊಂದನ್ನ ಹೊಸಕೋಟೆ ಕಡೆ ಕೇಳ್ತಾವ್ರೆ, ಕೊಟ್ಬಿಡ್ತೀನಿ. ಇದ್ದಿಲೂ ಬೇಕಾಗಲ್ಲ."

ಗಂಗಕ್ಕ ಬಾಗಿಲಲ್ಲಿ ನಿಂತಿದ್ದಳು. "ಸ್ವಾಮಿ, ಎರಡೂ ಇರ್ಲಿ. ಒಂದ್ ವಾರದಿಂದ ಬೆಳಗ್ಗೆ ಕೆರೆ ನೀರು ಮುಟ್ಟಿದ್ರೆ ಬೆರಳು ಸೆಟ್ಕೊಳ್ತವೆ. ಚಳಿ ಜಾಸ್ತಿ ಐತೆ."

ಮೇಷ್ಟ್ರು ನನ್ನ ಮುಖ ನೋಡಿದರು. ಒಂದು ಮಾತಿನಲ್ಲಿ ಎಲ್ಲ ಸರಿಯಾಗುತ್ತಿದ್ದ ಗಳಿಗೆ ಅದು.

"ಬುಕ್ಕಲ್ಲಿ ಹದಿನೈದು ಐತೆ ಕಣಕ್ಕ" ಎಂದೆ. "ನಿನ್ ಬೆರಳಿಗೆ ವಯಸ್ಸಾಯ್ತು."

ಗಂಗಕ್ಕ ನಕ್ಕು ಒಳಗೆ ಹೋದಳು. ಎರಡನೇ ಹೀಟರ್ ಸೈಕಲ್ಲಿನ ಹಿಂದೆ ಕಟ್ಟಿಸಿಕೊಂಡು ಹೋಯಿತು.

ಮೊಟ್ಟೆಯೊಡೆದು ಹುಳು ಬಂದವು. ಗಂಗಕ್ಕ ಮೊದಲ ಸೊಪ್ಪು ಚೆಲ್ಲಿದಳು. ಮೂರನೇ ದಿನ ನಸುಕಿನಲ್ಲಿ ನಾನು ಸೊಪ್ಪು ಇಳಿಸಲು ಹೋದಾಗ ಅವಳು ಹೀಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ತಂತಿ ಕೆಂಪಗೆ ಉರಿಯುತ್ತಿತ್ತು.

"ನಂಜ, ಇದು ಟಕ್ ಅಂತಾನೇ ಇಲ್ಲ ಕಣೋ. ಎಷ್ಟೊತ್ತಿಂದ ಕಾಯ್ತಾ ಇವ್ನಿ."

ಒಳಗಿನ ಥರ್ಮಾಮೀಟರ್ ನೋಡಿದೆ, ಇಪ್ಪತ್ತು. ಇಪ್ಪತ್ತೇಳಕ್ಕೆ ಇಟ್ಟ ಬಿರಡೆ ಇಪ್ಪತ್ತೇಳು ಬಂದರಲ್ಲವೇ ಟಕ್ ಎನ್ನುವುದು? ಓಡಿಹೋಗಿ ಹೊಂಗೆಮರದ ಥರ್ಮಾಮೀಟರ್‌ಗೆ ಬ್ಯಾಟರಿ ಬಿಟ್ಟೆ. ಹತ್ತು ತೋರಿಸುತ್ತಿತ್ತು. ಎಷ್ಟು ದಿನದಿಂದ ಹತ್ತು ಇತ್ತೋ, ಅದು ಆ ಮರಕ್ಕೇ ಗೊತ್ತು.

ಆಗಲೂ ಬಾಯಿ ಬಿಡಲಿಲ್ಲ. ಬಿಡದೆ, ಕೆಲಸಕ್ಕೆ ಬಿದ್ದೆ. ಸಿಕ್ಕಷ್ಟು ಇದ್ದಿಲು ತಂದೆ, ಕುಂಪಟೆ ಹತ್ತಿಸಿದೆ, ಗಾಳಿ ಬರಬಾರದೆಂದು ಹೆಂಚಿನ ಸಂದು, ಕಿಟಕಿ, ಬಾಗಿಲಿಗೆಲ್ಲ ಒದ್ದೆ ಗೋಣಿ ಮೆತ್ತಿಸಿದೆ. ಹೊಗೆಯೂ ತೇವವೂ ಒಳಗೇ ಕಟ್ಟಿಕೊಂಡವು. ಹುಳುವಿಗೆ ಬೇಕಾದ ಶಾಖ ಸಾಲಲಿಲ್ಲ. ಬೂಷ್ಟಿಗೆ ಬೇಕಾದ ತೇವ ಮಾತ್ರ ಧಾರಾಳವಾಯಿತು. ಒಂದೇ ತಟ್ಟೆಯ ಹುಳುಗಳಲ್ಲಿ ಅರ್ಧ ಪೊರೆ ಬಿಡಲು ಕೂತರೆ ಅರ್ಧ ಇನ್ನೂ ಮೇಯುತ್ತಿದ್ದವು. ಹತ್ತನೇ ದಿನ ಹೇಗೋ ಹಂಚಿದೆವು. ವಾರ ಕಳೆಯುವುದರೊಳಗೆ ಹತ್ತು ಮನೆಯಲ್ಲೂ ಸುಣ್ಣಕಟ್ಟು. ಹುಳು ಸತ್ತು ಬೆಳ್ಳಗಾಗಿ, ಶಾಲೆಯ ಬಳಪದಂತೆ ಸೆಟೆದು ನಿಲ್ಲುವ ರೋಗ ಅದು. ಮುಟ್ಟಿದರೆ ಲಟಕ್ಕನೆ ಮುರಿಯುತ್ತಿದ್ದವು. ಮಂಕರಿಗಟ್ಟಲೆ ತಂದು ಗುಂಡಿಗೆ ಸುರಿದರು.

ಗುಂಡಿ ಮುಚ್ಚಿದ ಮೇಲೆ ಊರು ಹುಳುಮನೆಯ ಮುಂದೆ ಸೇರಿತು. ನಮ್ಮ ಕಡೆ ಹುಳು ಸತ್ತರೆ ಮೊದಲು ಕೇಳುವುದು ಶಾಖವನ್ನಲ್ಲ, ಮೈಲಿಗೆಯನ್ನು. ಯಜಮಾನ ಚಿಕ್ಕಮುನಿಯಪ್ಪ ಶುರುಮಾಡಿದ.

"ಯಾರೋ ಮುಟ್ಟಾದೋರು ಒಳೀಕ್ ಬಂದವ್ರೆ. ಗಂಗಮ್ಮ, ನಿನ್ ಮಗಳು ನೆಲಮಂಗಲದಿಂದ ಬಂದಿದ್ಲಲ್ಲ?"

"ಬಾಗ್ಲಾಚೆ ನಿಂತು ಮಾತಾಡ್ಸಿ ಹೋದ್ಲು ಮಾವ. ಹೊಸ್ಲು ತುಳೀಲಿಲ್ಲ."

"ನೀನು ಆಚೆ ಹೋಗಿ ಅವಳ್ನ ತಬ್ಬಿ, ಅದೇ ಕೈಲಿ ಸೊಪ್ಪು ಹಾಕ್ಲಿಲ್ವಾ?"

ಗಂಗಕ್ಕ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮಗಳನ್ನು ತಬ್ಬಿಕೊಂಡಿದ್ದು ನಿಜ ಇರಬೇಕು. ಯಾವ ತಾಯಿ ತಬ್ಬುವುದಿಲ್ಲ?

ಮೇಷ್ಟ್ರೂ ಬಂದಿದ್ದರು. ಮೈಲಿಗೆಯ ಮಾತು ಅವರು ಒಪ್ಪುವವರಲ್ಲ. "ಚಳಿ ಕಣ್ರಪ್ಪ, ಚಳೀನೇ ಕಾರಣ" ಎಂದರು. ಆದರೆ ನೋಟ್‌ಬುಕ್ ತಿರುವಿಹಾಕಿದಷ್ಟೂ ಅವರ ದನಿ ಇಳಿಯಿತು. "ಹದಿನೈದಿದ್ರೆ ಈ ಮನೆ ಇಷ್ಟು ತಣ್ಣಗಾಗಬಾರದಿತ್ತು... ನನ್ನ ಲೆಕ್ಕದಲ್ಲೇ ಏನೋ ತಪ್ಪಿದೆ." ಚಿಕ್ಕಮುನಿಯಪ್ಪ ನನ್ನ ಕಡೆ ತಿರುಗಿದ. "ಏನ್ಲಾ ನಂಜಪ್ಪ, ನೀನು ದಿನಾ ನೋಡ್ದೋನು. ಚಳಿ ಜಾಸ್ತಿ ಇತ್ತಾ?"

ಹತ್ತು ಮನೆಯವರು ನನ್ನ ಬಾಯಿ ನೋಡುತ್ತಿದ್ದರು. ಗಂಗಕ್ಕನೂ ನೋಡುತ್ತಿದ್ದಳು. ನಾಳೆಯಿಂದ ನನ್ನ ಸೊಪ್ಪನ್ನು ಯಾರೂ ಕೊಳ್ಳುವುದಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

"ಬರ್ದಿರೋದು ಸರಿಯಾಗೇ ಐತೆ" ಎಂದೆ.

ಅಷ್ಟೇ. ಹಿಂದುಗಡೆಯಿಂದ ಯಾರೋ, "ಹಂಗಾರೆ ಗಂಗಕ್ಕನ ಕೈಯೇ" ಎಂದರು.

ಮೇಷ್ಟ್ರು ಆ ಚೌಕುಳಿ ಕಾಗದವನ್ನು ಮಡಿಸಿ ಮಡಿಸಿ ಜೇಬಿಗೆ ತುರುಕಿಕೊಂಡರು. ಮುಂದಿನ ವರ್ಷ ವರ್ಗವಾಗಿ ಹೋಗುವ ತನಕ ಅವರು ಇನ್ನೊಂದು ಮನೆಗೂ ಆ ಲೆಕ್ಕ ಹಾಕಿದ್ದನ್ನು ನಾನು ಕಾಣೆ. ಅವರ ಲೆಕ್ಕ ಸರಿಯಾಗಿತ್ತು. ಕಾಗದದ ಮೇಲೆ ಒಂದು ಹುಳುವೂ ಸತ್ತಿರಲಿಲ್ಲ.

ಮುಂದಿನ ಬೆಳೆಗೆ ಮೊದಲ ಸೊಪ್ಪು ಹಾಕಲು ಗಂಗಕ್ಕನನ್ನು ಯಾರೂ ಕರೆಯಲಿಲ್ಲ. ಅವಳು ನೀರಿಗೆ ಹೋಗುವಾಗ ಹುಳುಮನೆಗಳ ಬಾಗಿಲು ಮುಚ್ಚಿಕೊಳ್ಳುತ್ತಿದ್ದವು. ಸಂಕ್ರಾಂತಿಯಾಗಿ ನಾಲ್ಕು ದಿನಕ್ಕೆ ನನ್ನನ್ನು ಮನೆಗೆ ಕರೆಸಿದಳು. ಬಿದಿರಿನ ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗೆ ಸಾಲಾಗಿ ಒರಗಿಸಿದ್ದಳು.

"ತಗೊಂಡೋಗಪ್ಪ. ನನಗಿನ್ನ ಯಾಕೆ? ಎಷ್ಟಾದ್ರೂ ಕೊಡು."

ಬದುಕಿನಲ್ಲಿ ಮೊದಲ ಸಲ ನನಗೆ ಬೆಲೆ ಬಾಯಿಗೆ ಬರಲಿಲ್ಲ. ತಟ್ಟೆಯ ಅಂಚು ಸವರುತ್ತ ನಿಂತೆ. ಗಂಗಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ; ಆದರೆ ಮೊಟ್ಟೆ, ದಿನ, ಹೊತ್ತು ಎಲ್ಲ ಎಣಿಸಿ ಎಣಿಸಿ ಅಂಕಿ ಚೆನ್ನಾಗಿ ಬರುತ್ತಿತ್ತು. ಅದನ್ನು ನಾನು ಮರೆತಿದ್ದೆ.

"ಅವತ್ತು ಊರು ಸೇರಿದಾಗ ಮೇಷ್ಟ್ರು ಬುಕ್ಕು ಜಗುಲಿ ಮೇಲೆ ಬಿಟ್ಟಿದ್ರು. ನೋಡ್ದೆ" ಎಂದಳು. "ಮೂರು ದಿನ ಒಂದೇ ಚಳಿ ಇರಲ್ಲ ಕಣಪ್ಪ."

ನಾನು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದೆ.

"ಅವತ್ತೇ ಹೇಳ್ಬೋದಿತ್ತು ನಾನು. ನೀನೇ ಹೇಳ್ತೀಯೇನೋ ಅಂತ ಕಾದೆ. ಹಬ್ಬದವರ್ಗೂ ಕಾದೆ. ಹತ್ತು ಮನೆಗೂ ಎಳ್ಳು ಬೀರಕ್ಕೆ ಹೋಗ್ತೀಯಲ್ಲ, ಆಗಾದ್ರೂ ಹೇಳ್ತಾನೆ ಅಂದ್ಕೊಂಡೆ."

"ಅಕ್ಕಾ..." ಎಂದೆ.

"ತಟ್ಟೆ ತಗೊಂಡು ಹೋಗು, ಬಿಸಿಲು ಜಾಸ್ತಿಯಾಯ್ತು, ಬಿದಿರು ಸೀಳ್ತದೆ" ಎಂದು ಒಳಗೆ ಹೋದಳು.

ಆ ಬೇಸಿಗೆಯಲ್ಲೇ ಅವಳು ನೆಲಮಂಗಲಕ್ಕೆ, ಮಗಳ ಮನೆಗೆ ಹೋಗಿಬಿಟ್ಟಳು. ಅಲ್ಲಿ ರೇಷ್ಮೆಯಿಲ್ಲ, ಮೊದಲ ಸೊಪ್ಪು ಹಾಕಿ ಎಂದು ಕರೆಯುವವರಿಲ್ಲ. ತುಮಕೂರು ರಸ್ತೆಯಲ್ಲಿ ನೂರು ಸಲ ಓಡಾಡಿದ್ದೇನೆ. ಆ ಮನೆಯ ಬೀದಿಗೆ ಒಮ್ಮೆಯೂ ಇಳಿಯಲಿಲ್ಲ. ಅವಳು ತೀರಿಕೊಂಡ ಸುದ್ದಿ ತಿಥಿಯೆಲ್ಲ ಮುಗಿದ ಮೇಲೆ ಬಂತು. ಅಷ್ಟರಲ್ಲಿ ನಾನು ಸೊಪ್ಪು ಬಿಟ್ಟು ಗೂಡಿಗೆ, ಗೂಡು ಬಿಟ್ಟು ಜಮೀನಿಗೆ ಬಂದು ನಾಲ್ಕು ಜನ ಕರೆದು ಸಲಹೆ ಕೇಳುವ ಮನುಷ್ಯನಾಗಿದ್ದೆ. ಅಳತೆ ನೀವೇ ನಿಂತು ನೋಡಿ, ಇನ್ನೊಬ್ಬರು ಬರೆದದ್ದನ್ನು ನಂಬಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಎಲ್ಲಿ ಕಲಿತಿರಿ ಎಂದು ಯಾರೂ ಕೇಳುವುದಿಲ್ಲ.

ಎಂಜಿನಿಯರ್ ಹುಡುಗಿ ಅನುಭವ ಎಂದು ಹೊಗಳಿದಾಗಲೂ ನಾನು ಮೀಸೆ ಸವರಿಕೊಂಡೆನಲ್ಲ, ಅದನ್ನೇ ನೆನೆದು ಮಾರನೆಯ ಬೆಳಗ್ಗೆ ಮತ್ತೆ ಆ ಸೈಟಿಗೆ ಹೋದೆ. ಗಾರೆಯವನು ಚಕ್ಕೆಯೆದ್ದದ್ದನ್ನು ಕೆತ್ತಿ ಹೊಸದಾಗಿ ಮೆತ್ತುತ್ತಿದ್ದ. ಮೂವತ್ತು ವರ್ಷದ ಆಳಿರಬೇಕು, ನಮ್ಮ ಪಕ್ಕದ ಊರಿನವನೇ. ಅವನ ಹತ್ತಿರ ನಿಂತು, ಮಾತು ಜೋಡಿಸಿಕೊಂಡು, ಹೇಳಿಬಿಟ್ಟೆ.

"ನಿನ್ನೆ ಒಂದು ಮಾತಂದೆಯಲ್ಲ, ಗಂಗಕ್ಕನ ಕೈ ಅಂತ. ಆ ಕೈಯಲ್ಲಿ ದೋಷ ಇರ್ಲಿಲ್ಲ ಕಣಪ್ಪ. ಚಳಿ ನೋಡದೇ ಸುಳ್ಳು ಬರೆದವನು ನಾನು. ಹತ್ತು ಮನೆ ಹುಳ ಸತ್ತಿದ್ದು ನನ್ನ ಕೈಯಿಂದ."

ಅವನು ಕರಣೆ ಹಿಡಿದ ಕೈ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಮುದುಕನಿಗೆ ಬಿಸಿಲು ಹೊಡೆದಿರಬೇಕು ಎನ್ನಿಸಿತೋ ಏನೋ, ಮೆತ್ತಗೆ ಕೇಳಿದ:

"ಗಂಗಕ್ಕ ಅಂತ ನಿಜವಾಗ್ಲೂ ಒಬ್ರು ಇದ್ರಾ ಯಜಮಾನ್ರೇ?"